ದೇಸಾಯರ ಕೆಂಪು ಮೋಟಾರಿಗೆ ಐದು ಗಡಿಯಾರ

ಅಂಜುಬುರುಕರನ್ನು ಕಂಡರೆ ಅಂಜಿಕೆಯ ಕೆಲಸಗಳಿಗೆ ಅದೇನು ಪ್ರೀತಿಯೋ ಗೊತ್ತಿಲ್ಲ. ಊರಲ್ಲಿ ಎಷ್ಟು ಜನ ಗಟ್ಟಿ ಎದೆಯವರಿದ್ದರೂ ಅವರನ್ನೆಲ್ಲ ದಾಟಿಕೊಂಡು ಬಂದು ನನ್ನ ಅಂಗಡಿಯ ಮೆಟ್ಟಿಲೇ ಹತ್ತುತ್ತವೆ. ನಾನು ಸವಣೂರಿನಲ್ಲಿ ಗಡಿಯಾರ ರಿಪೇರಿ ಮಾಡಿಕೊಂಡಿದ್ದವನು. ಆ ಕಸುಬು ನನಗೆ ಒಗ್ಗಿದ್ದೇ ಅದರಲ್ಲಿ ಅಂಜುವಂಥದ್ದು ಏನೂ ಇಲ್ಲವೆಂದು. ಗಡಿಯಾರ ಒದೆಯುವುದಿಲ್ಲ, ಹಾಯುವುದಿಲ್ಲ, ಸಿಟ್ಟು ಬಂದರೆ ಸುಮ್ಮನೆ ನಿಂತುಬಿಡುತ್ತದೆ. ಅಂಥ ನಾನು, ಆಣೆ ಹೋಗಿ ಹೊಸ ಪೈಸೆ ಬಂದು ಜನ ತಬ್ಬಿಬ್ಬಾಗಿದ್ದ ಕಾಲದಲ್ಲಿ, ಒಂದು ಮೋಟಾರಿನ ಹೊಟ್ಟೆಗೆ ಕೈ ಹಾಕಬೇಕಾಯಿತು. ಆ ಕೈ ಇನ್ನೂ ನಡುಗುತ್ತದೆ. ನಂಬಿಕೆ ಬರದಿದ್ದರೆ ಚಹಾದ ಕಪ್ಪು ಬಸಿ ಕೊಟ್ಟು ನೋಡಿ.

೧. ಗಡಿಯಾರವೋ, ರೊಟ್ಟಿ ಹಂಚೋ

ನನ್ನ ಅಂಗಡಿ ಇದ್ದದ್ದು ದೇಸಾಯರ ಕಟ್ಟಡದಲ್ಲಿ. ನಮ್ಮಪ್ಪನ ಕಾಲದಿಂದಲೂ ಅಲ್ಲೇ. ಆರಡಿ ಅಗಲ, ಒಂದು ಬಾಗಿಲು, ಬಾಗಿಲ ಬೆಳಕು ಬೀಳುವಲ್ಲಿ ಅಪ್ಪನ ಮೇಜು. ಪಕ್ಕದ್ದು ದರ್ಜಿ ಚಾಚಾನ ಅಂಗಡಿ. ಆ ಮೇಜು ಬಿಟ್ಟರೆ ನನಗೆ ಬೇರೆ ಕಡೆ ಕೂತು ಕೆಲಸ ಮಾಡಿ ಗೊತ್ತಿಲ್ಲ, ಬೇರೆ ಕಸುಬೂ ಗೊತ್ತಿಲ್ಲ.

ದೇಸಾಯರ ವಾಡೆ ಊರ ಹೊರಗೆ, ಹತ್ತಿಮತ್ತೂರಿನ ದಾರಿಯಲ್ಲಿ. ದೇಸಾಯರು ಎತ್ತರದ ಆಳು, ಗುಡುಗಿನ ದನಿ, ಎರಡೂ ಕಡೆ ಹುರಿ ಮಾಡಿದ ಮೀಸೆ. ಅವರ ಹತ್ತಿರ ಒಂದು ಕೆಂಪು ಮೋಟಾರಿತ್ತು. ಇಬ್ಬರೇ ಕೂಡುವಂಥದು, ಮೇಲೆ ಛಾವಣಿ ಇಲ್ಲದ್ದು, ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಹಾರುವಂಥದು. ಪರದೇಶದಲ್ಲಿ ಇಂಥವನ್ನು ಪಂದ್ಯಕ್ಕೆ ಬಿಡುತ್ತಾರಂತೆ. ಧಾರವಾಡದಲ್ಲಿದ್ದ ಬಿಳಿ ಎಂಜಿನಿಯರ್ ಒಬ್ಬ ತನ್ನ ದೇಶಕ್ಕೆ ಹೋಗುವಾಗ ಇವರಿಗೆ ಬಿಟ್ಟು ಹೋಗಿದ್ದ. ಜನ ಅದನ್ನು ‘ಕಪ್ಪಿ ಮೋಟಾರು’, ಅಂದರೆ ಕಪ್ಪೆ ಮೋಟಾರು, ಅನ್ನುತ್ತಿದ್ದರು, ದೇಸಾಯರು ಹತ್ತಿರ ಇಲ್ಲದಾಗ.

ಶಿಗ್ಗಾಂವಿ ರಸ್ತೆಯಲ್ಲಿ ಬೇವಿನ ಮರಗಳ ಸಾಲು ಬಂದ ಕೂಡಲೇ ದೇಸಾಯರು ಅದನ್ನು ಜೋರಾಗಿ ಓಡಿಸುತ್ತಿದ್ದರು. ವೇಗ ತಿಳಿಯಲು ಅವರು ಮೀಟರು ನೋಡುತ್ತಿರಲಿಲ್ಲ. ಗಾಳಿಗೆ ಮೀಸೆಯ ತುದಿಗಳು ಎರಡೂ ಕಿವಿಯ ಕಡೆ ಮಲಗಿದವೆಂದರೆ ಅರವತ್ತು ಮೈಲು ಆಯಿತೆಂದು ಲೆಕ್ಕ. ಆಗ ಎಡಗೈಯಿಂದ ಮೀಸೆ ತಿರುವಿ ಎಬ್ಬಿಸಿ, ಆಮೇಲೆ ಸಾಕ್ಷಿಗೆಂದು ಮೀಟರಿನ ಮೇಲೆ ಕಣ್ಣು ಹಾಯಿಸುವರು. ಮುಳ್ಳು ಸರಿಯಾಗಿ ಅರವತ್ತರ ಮೇಲೆ ಇರುತ್ತಿತ್ತು. ದಾರಿಯ ಎತ್ತು, ಎಮ್ಮೆ, ಕೋಳಿ, ಮುದುಕರು ಎಲ್ಲರೂ ಆ ಹೊತ್ತಿಗೆ ಬೇಲಿಯ ಆಚೆ ಇರುತ್ತಿದ್ದರು.

ಮಹಾನವಮಿ ಮುಗಿದು ನಾಲ್ಕು ದಿನವಾಗಿತ್ತು. ಮೋಟಾರು ನನ್ನ ಅಂಗಡಿ ಮುಂದೆ ಬಂದು ನಿಂತಿತು.

“ಗಡಿಯಾರ ನಿಂತಾವು” ಎಂದರು ದೇಸಾಯರು.

“ಎಷ್ಟರಿ ಧಣ್ಯಾರ?”

“ಐದು.”

ವಾಡೆಯ ಗೋಡೆ ಗಡಿಯಾರಗಳಿರಬೇಕೆಂದು ನಾನು ಖುಷಿಯಿಂದ ಹೊರಗೆ ಬಂದೆ. ಅವರು ಮೋಟಾರಿನೊಳಗೆ ಬೆರಳು ಮಾಡಿದರು. ಸ್ಟಿಯರಿಂಗಿನ ಹಿಂದೆ ಒಂದು ತಗಡಿನ ಹಲಗೆ, ಅದರಲ್ಲಿ ಐದು ದುಂಡನೆಯ ಮೀಟರು. ವೇಗದ್ದೊಂದು, ಎಂಜಿನ್ನಿನ ಸುತ್ತು ಎಣಿಸುವುದೊಂದು, ಪೆಟ್ರೋಲಿನದೊಂದು, ಬಿಸಿಯದೊಂದು, ಬ್ಯಾಟರಿಯದೊಂದು.

“ಧಣ್ಯಾರ, ಇವು ಗಡಿಯಾರ ಅಲ್ರಿ. ಹುಬ್ಬಳ್ಳಿಗೆ ಒಯ್ಯಬೇಕ್ರಿ.”

“ಹುಬ್ಬಳ್ಳಿಗೆ ಒಯ್ದ್ರ ಎಂಟು ದಿನಾ ಬಿಟ್ಟು ಬರಬೇಕು. ನಮ್ಮ ಮೋಟಾರಿಗೆ ಮಂದಿ ಕೈ ಹಚ್ಚೂದು ಬ್ಯಾಡ. ನಾವ ಮಾಡೂಣು.”

‘ನಾವು’ ಎಂದರೆ ನಾನು ಎಂಬುದು ನನಗೆ ತಕ್ಷಣ ತಿಳಿಯಿತು. “ಖರೇನ ಹೇಳ್ತೇನ್ರಿ, ಇವು ಗಡಿಯಾರ ಅಲ್ರಿ” ಎಂದು ಅಳುವ ದನಿಯಲ್ಲಿ ಹೇಳಿದೆ.

“ಮುಳ್ಳು ಅದಾವಿಲ್ಲೋ?”

“ಅದಾವ್ರಿ.”

“ಸುತ್ತಲೂ ಅಂಕಿ?”

“ಅದಾವ್ರಿ.”

“ಮ್ಯಾಲ ಗಾಜು?”

“ಐತ್ರಿ.”

“ಮತ್ತ ಗಡಿಯಾರ ಅಲ್ಲಂದ್ರ ಏನ್ ರೊಟ್ಟಿ ಹಂಚೇನು? ನಡೀಬೇಕು. ನಡೀಲಿಲ್ಲಂದ್ರ ನಿನ್ನ ಅಂಗಡಿ ಇಲ್ಲಿ ಇರೂದಿಲ್ಲ, ತಿಳ್ಕೋ.”

ಅಷ್ಟು ಹೇಳಿ ಅವರು ನಡೆದುಕೊಂಡೇ ವಾಡೆಗೆ ಹೋದರು. ಚಾಚಾ ಹೊಲಿಗೆ ಯಂತ್ರ ನಿಲ್ಲಿಸಿ ಹೊರಗೆ ಬಂದು ಮೋಟಾರನ್ನೊಮ್ಮೆ ನನ್ನನ್ನೊಮ್ಮೆ ನೋಡಿದ. “ಅಂಜಬ್ಯಾಡೋ, ನಾಳೆ ಅವರ ಎಮ್ಮಿ ಹಾಲು ಕೊಡದಿದ್ರ ನನ್ನ ಕರೀತಾರ. ಎಮ್ಮಿಗೂ ಚರ್ಮದ ಅಂಗಿ ಐತೆಲ್ಲಾ!”

೨. ಪಂಚಾಮೃತ

ಮರುದಿನ ದೇಸಾಯರ ಡ್ರೈವರ್ ಬಂದ. ಡ್ರೈವರ್ ಎನ್ನುವುದು ಹೆಸರಿಗೆ. ದೇಸಾಯರು ತಾವೇ ನಡೆಸುತ್ತಿದ್ದುದರಿಂದ ಅವನು ಹಿಂದೆ ಮಡಚಿಟ್ಟ ಕ್ಯಾನ್ವಾಸಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಎರಡೂ ಸೀಟಿನ ಬೆನ್ನು ಹಿಡಿದುಕೊಂಡು ಧೂಳು ತಿನ್ನುತ್ತ ಹೋಗುತ್ತಿದ್ದ. ಪೂಜೆ, ಪೆಟ್ರೋಲು, ತೊಳೆಯುವುದು ಅವನ ಪಾಲು.

ನಾನು ಕೈಗಡಿಯಾರದ ಸಣ್ಣ ತಿರುಪುಳಿ ಹಿಡಿದು ಮೋಟಾರಿನೊಳಗೆ ಕೂತೆ. ಅದು ನನ್ನ ಜೀವಮಾನದಲ್ಲಿ ಮೋಟಾರಿನಲ್ಲಿ ಕೂತ ಮೊದಲ ಸಲ, ನಿಂತ ಮೋಟಾರಾದರೂ ಬಾಗಿಲ ಹಿಡಿ ಬಿಡಲಿಲ್ಲ. ಎಂಟು ತಿರುಪು ಬಿಚ್ಚಿ ಹಲಗೆ ಮುಂದಕ್ಕೆ ಎಳೆದೆ. ಒಳಗಿಂದ ಮೊದಲು ಬಂದದ್ದು ಇರುವೆಯ ಸಾಲು. ಅದರ ಹಿಂದೆ ಹುಳಿ ವಾಸನೆ.

“ಏನ್ ಮಾಡೀಯೋ ಮಾರಾಯಾ ಇದಕ್ಕ?” ಎಂದು ಕೇಳಿದೆ.

“ಏನಿಲ್ರಿ. ಮಹಾನವಮಿಗೆ ಖಂಡೇ ಪೂಜಿ ಮಾಡೇನಿ.”

“ಎಲ್ಲಾರೂ ಮಾಡ್ತಾರ. ಗಾಲಿಗೆ ಲಿಂಬಿಹಣ್ಣು, ಮೂತಿಗೆ ಕುಂಕುಮ, ಮುಗೀತು. ಇದೇನು?”

ಅವನು ಭಕ್ತಿಯಿಂದ ಕೈ ಜೋಡಿಸಿದ. “ನೋಡ್ರಿ, ಹೋದ ವರ್ಷ ಗಾಲಿಗೆ ಮಾಡಿದ್ನಿ. ಗಾಲಿ ಪಂಕ್ಚರ್ ಆತು. ಮೋಟಾರಿನ ಮುಖ ಇಲ್ಲಿ ಐತೇನೋ ಅನಸ್ತು. ಎಣಿಸಿದ್ನಿ, ಐದು ಮುಖ. ಐದು ಮುಖದ ದೇವರಿಗೆ ಏನ್ ಮಾಡ್ತಾರ್ರಿ? ಪಂಚಾಮೃತ!”

ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ. ಒಂದೊಂದು ಮುಖಕ್ಕೆ ಒಂದೊಂದು. ಯಾವ ಮುಖಕ್ಕೂ ಬೇಸರವಾಗಬಾರದೆಂದು ಗಾಜಿನ ಸುತ್ತಲಿನ ತಗಡಿನ ಬಳೆ ಸಡಿಲಿಸಿ ಒಳಗೇ ಎರೆದಿದ್ದ. ಬಿಸಿಯ ಮೀಟರಿಗೆ ತಂಪಾಗಲಿ ಎಂದು ಮೊಸರು. ಪೆಟ್ರೋಲಿನದಕ್ಕೆ, ಅದೂ ಎಣ್ಣೆಯ ಜಾತಿಯೆಂದು, ತುಪ್ಪ. ವೇಗದ ಮೀಟರಿಗೆ ಜೇನು. ಕೊನೆಗೆ ಎಲ್ಲದರ ಮೇಲೆ ಕುಂಕುಮದ ನೀರು.

ಅಷ್ಟರಲ್ಲಿ ದೇಸಾಯರೇ ಬಂದರು. ನಾನು ಗಾಬರಿಯಿಂದ ಹಲಗೆಯನ್ನು ಮತ್ತೆ ಒಳಗೆ ನೂಕಿದೆ. ಆ ನೂಕಿಗೆ ವೇಗದ ಮುಳ್ಳು ಜೇನಿನೊಳಗೆ ಜಾರಿ ನಿಧಾನಕ್ಕೆ ಮೇಲೆ ಹೋಗಿ ಎಪ್ಪತ್ತರ ಮೇಲೆ ಅಂಟಿಕೊಂಡಿತು. ಎಂಜಿನ್ ಬಂದ್ ಆಗಿತ್ತು, ಗಾಲಿಗಳಿಗೆ ಕಲ್ಲು ಕೊಟ್ಟಿತ್ತು.

ದೇಸಾಯರು ಬಗ್ಗಿ ನೋಡಿದರು. ಅವರು ಡ್ರೈವರನ ಬೆನ್ನು ತಟ್ಟಿ, “ನೋಡಿದ್ಯಾ ನಮ್ಮ ಮೋಟಾರು? ನಿಂತಲ್ಲೇ ಎಪ್ಪತ್ತು ಹೊಂಟೈತಿ!” ಎಂದರು.

೩. ಇ ಅಂದ್ರ ಎಣ್ಣಿ

ಹಳೆಯ ಮೀಟರುಗಳು ಉಳಿಯುವಂತಿರಲಿಲ್ಲ. ಐದೂ ಇರುವ ಇಡೀ ಹಲಗೆಯನ್ನೇ ಹೊಸದು ತರಿಸಬೇಕೆಂದು ಧೈರ್ಯ ಮಾಡಿ ಹೇಳಿದೆ. ದೇಸಾಯರು ಬೊಂಬಾಯಿಗೆ ಬರೆದರು. ಅದು ಬರುವ ತನಕ ಡ್ರೈವರನಿಗೆ ಕೆಲಸವಿಲ್ಲ, ನನ್ನ ಅಂಗಡಿಯಲ್ಲೇ ಕೂತು ಎಲೆ ಅಡಿಕೆ ಹಾಕುತ್ತಿದ್ದ. ಒಂದು ದಿನ ಹಿರೇಕೆರೂರಿನ ಪ್ರಸಂಗ ತಾನೇ ಹೇಳಿದ.

ಆಗ ಅವನು ಕೆಲಸಕ್ಕೆ ಸೇರಿ ಹದಿನೈದು ದಿನ. ದೇಸಾಯರು ಮಗಳನ್ನು ಹಿರೇಕೆರೂರಿನ ಬೀಗರ ಮನೆಗೆ ಬಿಡಲು ಹೊರಟಿದ್ದರು. ಹೊಸ ಬೀಗರು, ಮೋಟಾರು ನೋಡಲೆಂದೇ ಓಣಿಯ ಜನ ಸೇರಿರುತ್ತಾರೆ. ಹೊರಡುವಾಗ ದೇಸಾಯರು, “ಎಣ್ಣಿ ಐತೇನೋ?” ಎಂದು ಕೇಳಿದರು. ಇವನು ಬಗ್ಗಿ ನೋಡಿ, “ಭರ್ತಿ ಐತ್ರಿ” ಎಂದ. ರಟ್ಟೀಹಳ್ಳಿ ದಾಟಿ ಎರಡು ಮೈಲು ಹೋಗುವಷ್ಟರಲ್ಲಿ ಮೋಟಾರು ಕೆಮ್ಮಿ ಕೆಮ್ಮಿ ನಿಂತಿತು. ತೊಟ್ಟು ಪೆಟ್ರೋಲಿಲ್ಲ.

“ಮತ್ತ ಭರ್ತಿ ಐತಿ ಅಂತ ಹೆಂಗ ಹೇಳ್ದೀ?” ಎಂದೆ.

“ಮುಳ್ಳು ‘ಇ’ ಅಕ್ಷರದ ಮ್ಯಾಲ ಇತ್ರಿ.”

“ಇ ಅಂದ್ರ ಖಾಲಿ ಅಲ್ಲೇನೋ?”

“ಇಂಗ್ಲಿಷಿನ್ಯಾಗ ಎಣ್ಣಿ ಅಂತ ಬರೀರಿ ನೋಡೂಣು. ಯಾವ ಅಕ್ಷರದಿಂದ ಸುರು ಆಕ್ಕೈತಿ? ಇ! ಇ ಅಂದ್ರ ಎಣ್ಣಿ ಐತಿ. ಎಫ್ ಅಂದ್ರ ಫಿನಿಶ್. ನನಗೂ ನಾಲ್ಕನೇ ಇಯತ್ತಾ ಸಾಲಿ ಆಗೇತ್ರಿ.”

ಯೋಚಿಸಿದಷ್ಟೂ ಅವನೇ ಸರಿ ಅನ್ನಿಸತೊಡಗಿತು.

ಕೊನೆಗೆ ಹೊಲದಲ್ಲಿದ್ದ ಒಂದು ಜೋಡಿ ಎತ್ತನ್ನು ಬೇಡಿ ತಂದು ಮೋಟಾರಿನ ಮೂತಿಗೆ ಕಟ್ಟಿದರಂತೆ. ದೇಸಾಯರು ಮಾತ್ರ ಸ್ಟಿಯರಿಂಗ್ ಬಿಡಲಿಲ್ಲ. ಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಹಾಗೆಯೇ ಹಿರೇಕೆರೂರಿನ ಓಣಿಯೊಳಗೆ ಮೆರವಣಿಗೆ ಹೋಯಿತು. ಬೀಗರು ಬಾಗಿಲಿಗೆ ಬಂದು ಮೋಟಾರಿನ ಸುತ್ತ ಒಂದು ಸುತ್ತು ಹಾಕಿ ಬಹಳ ಮರ್ಯಾದೆಯಿಂದ ಕೇಳಿದರು: “ಮೋಟಾರು ಚಲೋ ಐತ್ರಿ ಬೀಗರ. ದಿನಕ್ಕ ಎಷ್ಟು ಹೊರಿ ಕಣಿಕಿ ಮೇವು ತಿಂತೈತ್ರಿ?”

೪. ಕೆಂಪು ತಂತಿ

ವಿದ್ಯುತ್ ಎಂದರೆ ನನಗೆ ಯಮ. ಹೊಸ ಹಲಗೆ ಬರುವ ಮೊದಲೇ ತಿಳಿದುಕೊಂಡಿರೋಣ ಎಂದು ಹಾನಗಲ್ಲಿಗೆ ಹೋದೆ. ಅಲ್ಲಿ ಬಸ್ಸುಗಳ ರಿಪೇರಿ ಮಾಡುವ ಒಬ್ಬ ಮಿಸ್ತ್ರಿ ಇದ್ದ, ಎಲ್ಲರೂ ಹೊಗಳುತ್ತಿದ್ದರು. ಬಸ್ಸಿನ ಕೆಳಗೆ ಮಲಗಿದ್ದ. ಎರಡು ಕಾಲು ಮಾತ್ರ ಕಾಣುತ್ತಿದ್ದವು. ನಾನು ಆ ಕಾಲಿಗೇ ನಮಸ್ಕಾರ ಮಾಡಿ ಕಷ್ಟ ಹೇಳಿಕೊಂಡೆ.

“ಬ್ಯಾಟರಿ ಬಿಚ್ಚಿರೇನು?” ಎಂದಿತು ಬಸ್ಸಿನ ಕೆಳಗಿನ ದನಿ.

“ಬಿಚ್ತೇನ್ರಿ.”

“ಹಂಗಾದ್ರ ಅಂಜೂ ಕಾರಣಿಲ್ಲ. ಬಿಚ್ಚದಿದ್ರ ಒಂದು ಮಾತು ನೆನಪಿಡ್ರಿ. ಕೆಂಪು ತಂತಿ ಮುಟ್ಟಬ್ಯಾಡ್ರಿ. ಉಳದದ್ದು ಏನ್ ಬೇಕಾದ್ರೂ ಮುಟ್ರಿ.”

ಬಸ್ಸಿನಲ್ಲಿ ವಾಪಸು ಬರುವಾಗ ಬಂಕಾಪುರದ ತನಕ ‘ಕೆಂಪು ಬ್ಯಾಡ, ಕೆಂಪು ಬ್ಯಾಡ’ ಎಂದು ಬಾಯಿಪಾಠ ಮಾಡಿದೆ. ಕಂಡಕ್ಟರ್ ನನ್ನ ಹಿಂದಿನ ಸೀಟಿನ ಕೆಂಪು ಸೀರೆಯ ಹೆಂಗಸನ್ನು ಬೇರೆ ಕಡೆ ಕೂಡಿಸಿದ. ಸವಣೂರಿಗೆ ಬಂದವನೇ ಬ್ಯಾಟರಿ ಬಿಚ್ಚಲು ಡ್ರೈವರನಿಗೆ ಹೇಳಿ, ಆದರೂ ಯಾವುದು ಕೆಂಪು ನೋಡಿಟ್ಟುಕೊಳ್ಳೋಣವೆಂದು ಹಲಗೆ ಮುಂದಕ್ಕೆ ಎಳೆದು ಬಗ್ಗಿದೆ. ಹದಿನಾಲ್ಕು ತಂತಿಗಳಿದ್ದವು. ಹದಿನಾಲ್ಕೂ ಕುಂಕುಮದ ನೀರಿನಲ್ಲಿ ನೆನೆದು ಒಣಗಿದ್ದವು.

೫. ಕುಡುಕ ಹಾರನ್

ಬೊಂಬಾಯಿಯ ಪೆಟ್ಟಿಗೆ ಯಲವಿಗಿ ಸ್ಟೇಷನ್ನಿನಲ್ಲಿ ಇಳಿಯಿತು. ಹುಲ್ಲು ತೆಗೆದು ನೋಡಿದರೆ ಹೊಳೆಯುವ ಹೊಸ ಹಲಗೆ, ಐದು ಮೀಟರು, ಅಳತೆ ಸರಿ, ತೂತುಗಳೂ ಸರಿ. ಒಂದೇ ಒಂದು ಬದಲಾವಣೆ ನನ್ನ ಕಣ್ಣಿಗೆ ಬಿತ್ತು. ವೇಗದ ಮೀಟರಿನ ಮಧ್ಯೆ ಇಂಗ್ಲಿಷಿನಲ್ಲಿ ಸಣ್ಣದಾಗಿ ‘ಕೆ.ಎಂ.’ ಎಂದು ಎರಡು ಅಕ್ಷರ. ಹಳೆಯದರಲ್ಲಿ ಅವು ಇರಲಿಲ್ಲ.

“ಇದೇನೋ?” ಎಂದು ಡ್ರೈವರನನ್ನು ಕೇಳಿದೆ. ಎಣ್ಣೆಯ ಪಾಠವಾದ ಮೇಲೂ ಅವನನ್ನು ಕೇಳಿದ್ದು ನನ್ನದೇ ತಪ್ಪು.

“ಮಾಡಿದವನ ಹೆಸರ್ರಿ. ನಮ್ಮ ಸಾಲಿ ಮಾಸ್ತರ್ರು ಎಸ್.ಬಿ. ಇಲ್ಲೇನು? ಹಂಗ ಇವ ಕೆ.ಎಂ.” ದೇಸಾಯರೂ ಅಲ್ಲೇ ಇದ್ದರು. “ಹೆಸರು ಹಾಕ್ಯಾನಂದ್ರ ಖಾತ್ರಿ ಮಾಲು” ಎಂದು ತಲೆದೂಗಿದರು.

ತಂತಿಗಳ ಗುರುತಿಗೆ ಚಾಚಾ ಹದಿನಾಲ್ಕು ಬಣ್ಣದ ದಾರ ಕೊಟ್ಟ. ಒಂದೊಂದು ತಂತಿಗೆ ಒಂದೊಂದು ಬಣ್ಣ ಕಟ್ಟಿ, ಹಳೆಯದರಿಂದ ಬಿಚ್ಚಿ, ಹೊಸದಕ್ಕೆ ಸಿಕ್ಕಿಸುತ್ತ ಹೋದೆ. ನನ್ನ ಬೆವರು ಹಣೆಯಿಂದ ಮೂಗಿಗೆ, ಮೂಗಿನಿಂದ ಮೀಟರಿಗೆ ಬೀಳುತ್ತಿತ್ತು. ಬ್ಯಾಟರಿ ಬಿಚ್ಚಿದೆಯೋ ಎಂದು ಏಳು ಸಲ ಕೇಳಿದೆ. ಡ್ರೈವರ್ ಏಳನೆಯ ಸಲಕ್ಕೆ ಬ್ಯಾಟರಿಯನ್ನೇ ಎತ್ತಿ ತಂದು ನನ್ನ ತೊಡೆಯ ಮೇಲೆ ಇಟ್ಟ. ಗಿಳಿಹಸಿರಿಗೂ ಎಲೆಹಸಿರಿಗೂ ಎಲ್ಲೋ ಒಂದು ಕಡೆ ನನ್ನ ಕಣ್ಣು ಮೋಸ ಹೋಯಿತು ಅಂತ ಕಾಣುತ್ತದೆ.

ಸಂಜೆಗೆ ಎಂಜಿನ್ ಚಾಲೂ ಮಾಡಿದೆವು. ಐದೂ ಮುಳ್ಳು ಎದ್ದು ನಿಂತವು. ನನ್ನ ಕಣ್ಣಲ್ಲಿ ನೀರು ಬಂತು, ಅಂಗಡಿ ಉಳಿಯಿತು ಅನ್ನಿಸಿತು. ದೇಸಾಯರು ಸಂತೋಷದಿಂದ ಹಾರನ್ ಒತ್ತಿದರು. ಪೆಟ್ರೋಲಿನ ಮುಳ್ಳು ಸರ್ರನೆ ಅರ್ಧಕ್ಕೆ ಇಳಿಯಿತು. ಮತ್ತೆ ಒತ್ತಿದರು, ಮತ್ತೆ ಇಳಿಯಿತು. ನನ್ನ ಜೀವವೂ ಅದರ ಜೊತೆಗೇ ಇಳಿಯಿತು. ಆಗಲೇ ‘ನನ್ನ ತಪ್ಪು’ ಎಂದು ಹೇಳಿದ್ದರೆ ಆಗುತ್ತಿತ್ತು. ಬಾಯಿ ಬರಲಿಲ್ಲ.

ದೇಸಾಯರು ಹುಬ್ಬು ಗಂಟಿಕ್ಕಿ ಮುಳ್ಳು ನೋಡಿ ಹೇಳಿದರು: “ಇಷ್ಟು ದಿನಾ ಎಣ್ಣಿ ಎಲ್ಲಿ ಹೊಕ್ಕೈತಿ ಅಂತ ತಿಳೀತಿದ್ದಿಲ್ಲ. ಈ ಹಾರನ್ ಕುಡೀತಿತ್ತು! ಹೊಸಾ ಗಡಿಯಾರ ಕಳ್ಳನ್ನ ಹಿಡೀತು ನೋಡು. ಇವತ್ತಿನಿಂದ ಹಾರನ್ ಬಂದ್. ಡ್ರೈವರ್, ನೀನು ಬಾಯಿಲೇ ಒದರು.”

೬. ನೂರು

“ನಾಳೆ ಮುಂಜಾನೆ ಶಿಗ್ಗಾಂವಿಗೆ ಹೋಗಿ ಬರೂಣು. ನೀ ಕೂಡಿಸಿದ್ದು, ನೀನ ಬಾಜೂಕ ಕುಂತು ನೋಡಬೇಕು” ಎಂದರು ದೇಸಾಯರು. ನಾನು ಆ ದಿನ ಊಟ ಮಾಡಲಿಲ್ಲ. ಹೆಂಡತಿಗೆ ಯಾರ ಯಾರ ಗಡಿಯಾರ ಯಾವ ಡಬ್ಬಿಯಲ್ಲಿದೆ ಎಂದು ತೋರಿಸಿಕೊಟ್ಟೆ. ಚಾಚಾ, “ಬರತೀ ಬರತೀ” ಎಂದು ಧೈರ್ಯ ಹೇಳಿದ. ಆದರೆ ನಾನು ಎರವಲು ತಂದಿದ್ದ ಕತ್ತರಿಯನ್ನು ಅವತ್ತೇ ವಾಪಸು ಇಸಿದುಕೊಂಡ.

ಮುಂಜಾನೆ ಹೊರಟೆವು. ಹಿಂದೆ ಡ್ರೈವರ್, “ಬಾಜೂ! ಬಾಜೂ ಸರೀರಿ!” ಎಂದು ಒದರುತ್ತಿದ್ದ. ಊರು ದಾಟುವ ತನಕ ನಾನು ಮೀಟರು ನೋಡಿದೆ. ಬೇವಿನ ಸಾಲು ಬಂದ ಕೂಡಲೇ ಕಣ್ಣು ಮುಚ್ಚಿದೆ. ಎಂಜಿನ್ ಕೂಗಿತು, ಗಾಳಿ ಕೆನ್ನೆಗೆ ಹೊಡೆಯತೊಡಗಿತು. ದೇವರೇ, ಅಪ್ಪನ ಮೇಜು ಇನ್ನೊಮ್ಮೆ ನೋಡುವಂತಾಗಲಿ ಎಂದು ಬೇಡಿಕೊಂಡೆ.

ಮೀಸೆ ಮಲಗಿರಬೇಕು. ದೇಸಾಯರು ಅದನ್ನು ತಿರುವಿ ಎಬ್ಬಿಸಿರಬೇಕು. ಆಮೇಲೆ ಸಾಕ್ಷಿಗೆ ಕೆಳಗೆ ನೋಡಿರಬೇಕು. ನನಗೆ ಕೇಳಿಸಿದ್ದು ಒಂದು ಸಣ್ಣ ದನಿ. ಗುಡುಗಿನಂಥ ಆ ಗಂಟಲಿನಿಂದ ಅಂಥ ದನಿ ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ.

“ಕಣ್ಣು ತಗಿಯೋ. ಗಡಿಯಾರ ಎಷ್ಟು ತೋರಸಾಕತ್ತೈತಿ?”

ನಾನು ಒಂದೇ ಕಣ್ಣು ತೆರೆದೆ. “ನೂರ್ರಿ ಧಣ್ಯಾರ.”

“ಸರಿಯಾಗಿ ನೋಡು!”

“ನೂರಕ್ಕ ಒಂದೆರಡು ಕಡಿಮಿ ಇರಬಹುದ್ರಿ.”

ದೇಸಾಯರ ಎಡಗೈ ಮೀಸೆ ಬಿಟ್ಟು ಸ್ಟಿಯರಿಂಗಿಗೆ ಬಂತು. ಎರಡೂ ಕೈ ನಡುಗುತ್ತಿದ್ದವು. ನನ್ನ ಕೈಯನ್ನು ನಾನು ಚೆನ್ನಾಗಿ ಬಲ್ಲೆ, ಅದೇ ನಡುಕ. ಬ್ರೇಕು ಒತ್ತಿದರು. ಮೋಟಾರು ಅಡ್ಡಾದಿಡ್ಡಿ ಜಾರಿ, ಒಂದು ಬೇವಿನ ಮರಕ್ಕೆ ಮೊಳದಷ್ಟು ದೂರದಲ್ಲಿ ನಿಂತಿತು.

ದೇಸಾಯರು ಧೋತರದಿಂದ ಮುಖ ಒರೆಸಿಕೊಂಡರು. “ಅಂದ್ರ ಇಷ್ಟು ವರ್ಷ ನಾವು ನೂರರಾಗ ಹೊಂಟಿದ್ವಿ. ಹಳೇ ಗಡಿಯಾರ ಅರವತ್ತು ಅಂತ ಸುಳ್ಳು ಹೇಳ್ತಿತ್ತು. ಹೆಂಗ ಬದುಕೇವಿ ನಾವು?”

ನಾವು ಶಿಗ್ಗಾಂವಿಗೆ ಹೋಗಲಿಲ್ಲ. ಮುಳ್ಳನ್ನು ಇಪ್ಪತ್ತರ ಮೇಲೆ ಹೋಗಲು ಬಿಡದೆ ಸವಣೂರಿಗೆ ವಾಪಸು ಬಂದೆವು. ಸೈಕಲ್ಲಿನ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದವನೊಬ್ಬ ನಮ್ಮ ಹಿಂದೆ ಬಂದು ಗಂಟೆ ಬಾರಿಸಿ ಕೂಗಿದ: “ಬಾಜೂ! ಬಾಜೂ ಸರೀರಿ!”

೭. ಚಾಚಾನ ಟೇಪು

ನನಗೆ ಸಮಾಧಾನವಾಗಲಿಲ್ಲ. ಗಡಿಯಾರದವನಿಗೆ ಒಂದು ಮುಳ್ಳು ತಪ್ಪು ಅನ್ನಿಸಿದರೆ ಅನ್ನ ಸೇರುವುದಿಲ್ಲ. ವೇಗದ ಮೀಟರಿನ ಹೊಟ್ಟೆಯಲ್ಲಿ ದೂರ ಎಣಿಸುವ ಸಣ್ಣ ಅಂಕಿಗಳು ಆ ದಿನ ಹೋಗಿ ಬಂದ ದಾರಿಯನ್ನೂ ಹೆಚ್ಚಾಗಿ ಎಣಿಸಿದ್ದವು. ಮುಂದಿನ ವಾರ ದೇಸಾಯರು ಮೆಲ್ಲಗೆ ಶಿಗ್ಗಾಂವಿಗೆ ಹೋಗಿ ಬಂದರು. ಮೈಲುಗಲ್ಲುಗಳ ಪ್ರಕಾರ ಹೋಗುವ ದಾರಿ ಹತ್ತು ಮೈಲು, ಮೀಟರಿನಲ್ಲಿ ಹದಿನಾರು. ನಾನು ಇದನ್ನು ಚಾಚಾನ ಮುಂದೆ ತೋಡಿಕೊಂಡೆ.

ಚಾಚಾ ಕೊರಳಲ್ಲಿದ್ದ ಟೇಪು ತೆಗೆದು ಒಂದು ಅಂಗಿಯ ತೋಳಿನ ಮೇಲೆ ಹಿಡಿದ. “ಎಷ್ಟೋ?”

“ಹತ್ತು ಇಂಚು.”

ಟೇಪನ್ನು ಮಗುಚಿ ಹಿಂಬದಿ ತೋರಿಸಿದ. “ಈಗ?”

“ಇಪ್ಪತ್ತೈದು.”

“ತೋಳು ಬೆಳೀತೇನು?” ಎಂದು ಚಾಚಾ ನಕ್ಕ. “ಈ ಕಡೆ ಒಂದು ದೇಶದ ಲೆಕ್ಕ, ಆ ಕಡೆ ಇನ್ನೊಂದು ದೇಶದ್ದು. ನಿನ್ನ ಮೀಟರು ಆ ಕಡಿದು. ಮೈಲಿನ್ದಲ್ಲ, ಕಿಲೋಮೀಟರಿನ್ದು. ಕೆ.ಎಂ. ಅಂದ್ರ ಅದ. ನೂರು ಅಂದ್ರ ನಿಮ್ಮ ಅರವತ್ತೇ ಹೌದು.”

ತಪ್ಪು ಗಡಿಯಾರ ಕೂಡಿಸಿದ್ದೇನೆ. ದೇಸಾಯರಂಥ ದೇಸಾಯರನ್ನು ನಡುಗಿಸಿ, ಸೈಕಲ್ಲಿನ ಹಾಲಿನವನಿಗೆ ದಾರಿ ಬಿಡುವಂತೆ ಮಾಡಿದ್ದೇನೆ. ಗೊತ್ತಾದರೆ ಅಂಗಡಿಯಷ್ಟೇ ಅಲ್ಲ, ನಾನೂ ಇರುವುದಿಲ್ಲ. ಬೇರೆಯವರಿಂದ ತಿಳಿಯುವ ಬದಲು ನಾನೇ ಹೋಗಿ ಕಾಲಿಗೆ ಬೀಳುವುದು ಮೇಲೆಂದು ವಾಡೆಗೆ ನಡೆದೆ.

ದೇಸಾಯರು ಹೊಲಕ್ಕೆ ಹೋಗಿದ್ದರು. ಬಾಯಾರು, ಅಂದರೆ ದೇಸಾಯರ ಹೆಂಡತಿ, ಕಟ್ಟೆಯ ಮೇಲೆ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು. ನನ್ನ ಮುಖ ನೋಡಿ ಏನಾಯಿತೆಂದು ಕೇಳಿದರು. ನಾನು ಎಲ್ಲ ಹೇಳಿಬಿಟ್ಟೆ. ಮೈಲು, ಕಿಲೋಮೀಟರು, ಟೇಪು, ತೋಳು.

ಅವರು ಮೊರದಿಂದ ಒಂದು ಕಲ್ಲು ಆರಿಸಿ ಎಸೆದರು. ಆಮೇಲೆ ಹೇಳಿದರು: “ಆ ಮೋಟಾರು ಬಂದಾಗಿಂದ, ಅದು ತಿರುಗಿ ಬಂದ ಸಪ್ಪಳಾ ಕೇಳೂತನಕ ನಾ ತುತ್ತು ಬಾಯಿಗೆ ಹಾಕಿಲ್ಲಪಾ. ಕೈ ಮುಗದೆ, ಅತ್ತೆ, ಹರಕಿ ಹೊತ್ತೆ. ಯಾವುದಕ್ಕೂ ಬಗ್ಗಲಿಲ್ಲ. ಈಗ ಒಂದು ವಾರಾತು, ಹೊತ್ತಿಗೆ ಸರಿಯಾಗಿ ಊಟಾ ಮಾಡಾಕತ್ತೇನಿ.”

ಜಗತ್ತಿನಲ್ಲಿ ನನಗಿಂತ ಹೆಚ್ಚು ಅಂಜಿಕೊಂಡು ಬದುಕಿದವರು ಒಬ್ಬರಿದ್ದರು, ಅದೂ ಆ ವಾಡೆಯೊಳಗೇ.

“ಹಂಗಾದ್ರ ಧಣ್ಯಾರಿಗೆ ಹೇಳೂದು ಬ್ಯಾಡಾನ್ರಿ?”

ಬಾಯಾರು ಮೊರ ಕೆಳಗಿಟ್ಟರು. ದನಿ ಎತ್ತರಿಸಲಿಲ್ಲ. “ಹೇಳು. ಹೇಳಿದ್ರ ನಿನ್ನ ಅಂಗಡಿ ಅಲ್ಲಿ ಇರೂದಿಲ್ಲ, ತಿಳ್ಕೋ.”

೮. ಕಲ್ಲುಗಳು

ಆಮೇಲಿನ ವರ್ಷಗಳು ನನಗೆ ಹೇಗೆ ಕಳೆದವೋ ನನಗೇ ಗೊತ್ತು. ಗಂಡನಿಗೆ ತಿಳಿದರೆ ಅಂಗಡಿ ಹೋಗುತ್ತದೆ, ತಿಳಿಸಿದರೆ ಹೆಂಡತಿಯಿಂದ ಹೋಗುತ್ತದೆ. ದೇಸಾಯರು ಅರವತ್ತು ದಾಟಿ ಮುಳ್ಳನ್ನು ಬಿಡಲೇ ಇಲ್ಲ, ಅದೂ ಬೇವಿನ ಸಾಲಿನಲ್ಲಿ ಮಾತ್ರ. ಮೀಸೆ ನೆಟ್ಟಗೇ ನಿಂತಿರುತ್ತಿತ್ತು. ಕೋಳಿಗಳು ಬೇಲಿಯ ಈಚೆ ಬಂದವು. ಕೊನೆಗೆ ಒಂದು ದಿನ ಬಾಯಾರೇ ಆ ಮೋಟಾರಿನಲ್ಲಿ ಗಂಡನ ಪಕ್ಕದಲ್ಲಿ ಕೂತು ಸಂತೆಗೆ ಬಂದದ್ದನ್ನು ಇಡೀ ಸವಣೂರು ನಿಂತು ನೋಡಿತು.

ದೇಸಾಯರಿಗೆ ಉಳಿದದ್ದು ಒಂದೇ ಸಿಟ್ಟು. ಅದು ರಸ್ತೆಯ ಮೈಲುಗಲ್ಲುಗಳ ಮೇಲೆ. ತಮ್ಮ ಗಡಿಯಾರ ಹದಿನಾರು ಎನ್ನುವ ದಾರಿಯನ್ನು ಈ ಕಲ್ಲುಗಳು ಹತ್ತು ಎಂದು ಸುಳ್ಳು ಹೇಳುತ್ತಿವೆ ಎಂದು ಅವರು ಸರ್ಕಾರಕ್ಕೆ ಅರ್ಜಿ ಬರೆದರು. ಉತ್ತರ ಬರಲಿಲ್ಲ. ಮತ್ತೆ ಬರೆದರು. ವರ್ಷಕ್ಕೊಂದು ಅರ್ಜಿ. ಟಪಾಲಿನವನು ವಾಡೆಯ ಕಡೆ ಹೋದಾಗಲೆಲ್ಲ, ಇವತ್ತು ಸರ್ಕಾರದವರು ಮೈಲು ಕಿಲೋಮೀಟರಿನ ಲೆಕ್ಕ ಬಿಡಿಸಿ ಬರೆದಿರುತ್ತಾರೆ ಎಂದು ಅಂಜುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಆ ದಿನ ಬಂದೇ ಬಂತು. ಶಿಗ್ಗಾಂವಿ ರಸ್ತೆಯಲ್ಲಿ ಕೂಲಿಯವರು ಹಾರೆ ಗುದ್ದಲಿ ಹಿಡಿದು ಹಳೆಯ ಕಲ್ಲು ಕೀಳುತ್ತಿದ್ದಾರೆ, ಹೊಸ ಕಲ್ಲು ಹುಗಿಯುತ್ತಿದ್ದಾರೆ ಎಂದು ಚಾಚಾ ಸುದ್ದಿ ತಂದ. ಓಡಿ ಹೋಗಿ ನೋಡಿದೆ. ಊರ ಅಂಚಿನಲ್ಲಿ ಬಿಳಿ ಬಣ್ಣದ ಹೊಸ ಕಲ್ಲು. ಶಿಗ್ಗಾಂವಿ ಹದಿನಾರು. ಕೆಳಗೆ ಇಂಗ್ಲಿಷಿನಲ್ಲಿ, ಕುರುಡನಿಗೂ ಕಾಣುವಷ್ಟು ದೊಡ್ಡದಾಗಿ, ‘ಕೆ.ಎಂ.’

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಅಂಗಡಿಗೆ ಬಂದು ಅಪ್ಪನ ತಿರುಪುಳಿಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬತೊಡಗಿದೆ. ಗೋಡೆಯ ಗಡಿಯಾರಗಳನ್ನು ಇಳಿಸಿದೆ. ಮೇಜನ್ನು ಹೇಗೆ ಒಯ್ಯುವುದೆಂದು ಯೋಚಿಸುತ್ತಿದ್ದಾಗಲೇ ಹೊರಗೆ ಮೋಟಾರಿನ ಸಪ್ಪಳವಾಯಿತು. ದೇಸಾಯರು ಇಳಿದು ಬಂದರು. ಬಾಯಾರು ಮೋಟಾರಿನಲ್ಲೇ ಕೂತಿದ್ದರು, ಮುಖ ಬಿಳಿಚಿಕೊಂಡಿತ್ತು. ಹಿಂದೆ ಕ್ಯಾನ್ವಾಸಿನ ಮೇಲೆ ಡ್ರೈವರ್.

“ಹೊಸಾ ಕಲ್ಲು ನೋಡಿದ್ಯೇನೋ?” ಎಂದು ಗುಡುಗಿದರು ದೇಸಾಯರು.

“ನೋಡೇನ್ರಿ. ತಪ್ಪಾತ್ರಿ ಧಣ್ಯಾರ.” ನಾನು ಕೈ ಮುಗಿದು ಕಣ್ಣು ಮುಚ್ಚಿದೆ, ಬೇವಿನ ಸಾಲಿನಲ್ಲಿ ಮುಚ್ಚಿದ ಹಾಗೆ.

“ತಪ್ಪಾತು! ಅದನ್ನ ಸರ್ಕಾರನೂ ಒಪ್ಪಿಕೊಂಡೈತಿ. ನನ್ನ ಅರ್ಜಿ ಓದ್ಯಾರ. ಎಲ್ಲಾ ಕಲ್ಲು ಕಿತ್ತು, ನಮ್ಮ ಗಡಿಯಾರ ಹೇಳಿದಂಗ ಹದಿನಾರಂತ ಹುಗದಾರ! ಒಂದೊಂದು ಕಲ್ಲಿಗೂ ಮೋಟಾರು ನಿಲ್ಲಿಸಿ ನೋಡ್ಕೋತ ಬಂದೇನಿ. ಕೂದಲೆಳಿ ಫರಕಿಲ್ಲ.”

ನಾನು ಒಂದು ಕಣ್ಣು ತೆರೆದೆ. ಮೋಟಾರಿನಲ್ಲಿ ಬಾಯಾರ ಮುಖಕ್ಕೆ ಬಣ್ಣ ಮರಳುತ್ತಿತ್ತು. ಅವರು ನನ್ನನ್ನೇ ದಿಟ್ಟಿಸಿ, “ಹೌದಲ್ಲಪಾ?” ಎಂದರು.

“ಹೌದ್ರಿ, ಹೌದ್ರಿ” ಎಂದೆ. ಚಾಚಾ ಕೊರಳಲ್ಲಿದ್ದ ಟೇಪನ್ನು ಮೆಲ್ಲಗೆ ತೆಗೆದು ಅಂಗಿಯ ಕಿಸೆಯೊಳಗೆ ಇಟ್ಟುಕೊಂಡ.

ದೇಸಾಯರು ನನ್ನ ಹೆಗಲ ಮೇಲೆ ಕೈ ಹಾಕಿ, ಬಹಳ ವರ್ಷಗಳ ಮೇಲೆ ಮೀಸೆ ತಿರುವಿ ಹೇಳಿದರು: “ಇಳಿಸಿದ ಗಡಿಯಾರ ಗ್ವಾಡಿಗೆ ಹಾಕು, ಈ ಅಂಗಡಿ ಬಿಟ್ಟು ನಿನ್ನ ಯಾರೂ ಎಬ್ಬಸೂದಿಲ್ಲ. ಮತ್ತ ಕಲ್ಲಿನ ಮ್ಯಾಲ ಹೆಸರು ನೋಡಿದ್ಯೋ ಇಲ್ಲೋ? ಬ್ಯಾರೆ ಯಾರ ಮ್ಯಾಲೂ ನಂಬಿಕಿ ಬರಲಿಲ್ಲ ನೋಡು ಸರ್ಕಾರಕ್ಕ. ರಸ್ತೆ ಅಳಿಯಾಕ ನಮ್ಮ ಗಡಿಯಾರ ಮಾಡಿದ ಕೆ.ಎಂ.ನ್ನ ಕರಸ್ಯಾರ!”